ಮಡಿಕೆಯಲ್ಲಿ ಸಿಕ್ಕಿಬಿದ್ದ ಮಂಡಿ ಯಜಮಾನ

ಅನುಮಾನಪಡುವುದೇ ನನ್ನ ಕಸುಬು ಎಂದರೆ ನೀವು ನಗಬಹುದು. ಅರಸೀಕೆರೆಯಲ್ಲಿ ನನ್ನದೊಂದು ಸಣ್ಣ ಕೊಬ್ಬರಿ ಮಂಡಿ ಇದೆ. ಚೀಲ ಬಿಚ್ಚಿದಾಗ ಮೇಲಿರುವ ಕೊಬ್ಬರಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನಾನು ಮಾತ್ರ ತೋಳು ಮಡಚಿ, ಮೊಣಕೈ ಮುಳುಗುವಷ್ಟು ಕೈ ತೂರಿಸಿ, ಅಡಿಯಲ್ಲಿ ಅಡಗಿ ಕೂತಿರುವುದನ್ನು ಎತ್ತುತ್ತೇನೆ. ಎತ್ತಿದ ಉಂಡೆಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುತ್ತೇನೆ. ಸರಿಯಾಗಿ ಒಣಗದೆ ಒಳಗೆ ನೀರಿನ ಪಸೆ ಉಳಿದಿದ್ದರೆ ಸಣ್ಣದೊಂದು ಸದ್ದು ಬರುತ್ತದೆ. ಮಾರಲು ಬಂದವರು ದೇವರಾಣೆ ಹಾಕಿದರೂ ನಾನು ನಂಬುವುದು ಆ ಸದ್ದನ್ನೇ. ಇಷ್ಟು ವರ್ಷ ಹೀಗೆ ಮಾಡಿ ಮಾಡಿ, ಈಗ ಕೈಗೆ ದುಂಡಗಿನದು ಏನು ಸಿಕ್ಕರೂ ಅದು ತಾನಾಗಿ ಕಿವಿಯ ಹತ್ತಿರ ಹೋಗುತ್ತದೆ. ಕಿತ್ತಳೆ ಹಣ್ಣು, ಔಷಧಿ ಬಾಟಲಿ, ಪಕ್ಕದ ಮನೆಯ ನಾಮಕರಣಕ್ಕೆ ಬಂದ ಉಡುಗೊರೆ ಡಬ್ಬಿ, ಎಲ್ಲವನ್ನೂ ಅಲ್ಲಾಡಿಸಿ ನೋಡಿದ್ದೇನೆ. ಅವತ್ತು ಮಗುವನ್ನು ಎತ್ತಿಕೊಳ್ಳಲು ಹೋದಾಗ ನನ್ನ ಹೆಂಡತಿ ಗಿರಿಜಾ ನಡುವೆ ಬಂದು ತಾನೇ ಎತ್ತಿಕೊಂಡಳು.

ಇಂಥ ನನ್ನ ಮನೆಯಲ್ಲೇ ಈ ಸಲದ ಆಷಾಢದಲ್ಲಿ ಏನೋ ನಡೆಯತೊಡಗಿತು. ಮೊದಲು ಲಗ್ನಪತ್ರಿಕೆಗಳು ಕಾಣೆಯಾದವು. ವ್ಯಾಪಾರದವನಾದ್ದರಿಂದ ನನಗೆ ಪತ್ರಿಕೆಗಳು ಬಹಳ ಬರುತ್ತವೆ; ಹಗರೆಯಿಂದ ಹಿಡಿದು ಬಾಣಾವರದವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ನನಗೊಂದು ಕರೆ ಇರುತ್ತದೆ. ಅವನ್ನು ಹಾಲ್‌ನಲ್ಲಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುತ್ತೇನೆ. ಒಂದೊಂದಾಗಿ ಅವು ಮಾಯವಾದವು. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಮದುವೆ ಊಟಕ್ಕೆ ಹೋಗದ ಹಾಗೆ ಗಿರಿಜಾ ತಾರೀಖುಗಳನ್ನೇ ಮುಚ್ಚಿಡುತ್ತಿದ್ದಾಳೆ ಎಂದು ಮೊದಲ ಅನುಮಾನ. ಆದರೆ ಅದೇ ಹೊತ್ತಿಗೆ ದೇವರ ಮನೆಯಲ್ಲಿ ಗಣಪತಿಗಳು ಹೆಚ್ಚುತ್ತಿದ್ದರು. ಒಂದು ಬೆಳಿಗ್ಗೆ ಮೂವರು, ಮರುವಾರ ಏಳು ಜನ. ಎಲ್ಲ ಪತ್ರಿಕೆಯ ಮೇಲಿನ ಗಣಪತಿಗಳೇ, ಕತ್ತರಿಯಲ್ಲಿ ಅಚ್ಚುಕಟ್ಟಾಗಿ ಕತ್ತರಿಸಿ ಇಟ್ಟವರು. ದೇವರ ಚಿತ್ರವನ್ನು ಕಸಕ್ಕೆ ಹಾಕಬಾರದು, ಸರಿ. ಹಾಗಾದರೆ ಉಳಿದ ಪತ್ರಿಕೆ ಎಲ್ಲಿ ಹೋಯಿತು?

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಸಾಮಾನಿನ ಕೋಣೆಯ ಬಾಗಿಲು ಹಾಕಿರುತ್ತಿತ್ತು. ಒಳಗಿಂದ ಮೊಬೈಲಿನಲ್ಲಿ ಯಾರೋ ಹೆಂಗಸಿನ ಧ್ವನಿ: "ಮೊದಲು ಗೆರೆ ಮೇಲೆ ಒತ್ತಿ ಮಡಿಸಿ. ಈಗ ಒಳಗಿನ ಪದರವನ್ನು ಮೆಲ್ಲಗೆ ಹೊರಕ್ಕೆ ತಳ್ಳಿ." ನಾನು ಕೆಮ್ಮಿದ ಕೂಡಲೇ ಆ ಹೆಂಗಸು ಸುಮ್ಮನಾಗುತ್ತಿದ್ದಳು. ಗಿರಿಜಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಮುದ್ದೆ ಬಡಿಸುವಳು. ಅವಳ ಹೆಬ್ಬೆರಳಿನ ಉಗುರಿನ ಸುತ್ತ ಒಣಗಿದ ಗಮ್ಮು. "ಇದೇನೇ ಬೆರಳಲ್ಲಿ?" ಎಂದರೆ, "ಹಲಸಿನ ಹಣ್ಣು ಬಿಡಿಸ್ದೆ, ಅದರ ಮೇಣ" ಎಂದಳು. ಮನೆಯಲ್ಲಿ ಹಲಸಿನ ವಾಸನೆಯೇ ಇರಲಿಲ್ಲ. ನನ್ನ ಮೂಗನ್ನು ಏನೆಂದುಕೊಂಡಿದ್ದಾಳೆ ಇವಳು?

ಒಂದು ಬೆಳಿಗ್ಗೆ ಗಡ್ಡ ಕೆರೆಯುವಾಗ ಎಲ್ಲವೂ ಹೊಳೆಯಿತು. ಮುಂದಿನ ತಿಂಗಳು ನನಗೆ ಅರವತ್ತು ತುಂಬುತ್ತದೆ! ಬಣ್ಣದ ಕಾಗದ, ಗಮ್ಮು, ಗುಟ್ಟು. ನನಗಾಗಿ ಅವಳು ಕೈಯಾರೆ ಗ್ರೀಟಿಂಗ್ ಕಾರ್ಡು ಮಾಡುತ್ತಿದ್ದಾಳೆ. ಮಂಡಿಯಲ್ಲಿ ಮೊಬೈಲಿನಲ್ಲಿ ಹುಡುಕಿ ನೋಡಿದೆ. ಈಗೆಲ್ಲ ಅಂಥ ಕಾರ್ಡು ಮಾಡುತ್ತಾರಂತೆ: ತೆರೆದರೆ ಒಳಗಿನಿಂದ ಮನೆ, ಮರ, ಮನುಷ್ಯರು ಪದರ ಪದರವಾಗಿ ಎದ್ದು ನಿಲ್ಲುತ್ತಾರೆ, ಮುಚ್ಚಿದರೆ ಎಲ್ಲ ಚಪ್ಪಟೆಯಾಗಿ ಮಲಗುತ್ತಾರೆ. ನನಗೆ ನಿಜವಾಗಿ ಸಂತೋಷವಾಯಿತು. ಇಂಥ ಹೆಂಡತಿಯ ಮೇಲೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಅಂದಿನಿಂದ ಕನ್ನಡಿಯ ಮುಂದೆ ನಿಂತು ಆಶ್ಚರ್ಯಪಡುವುದನ್ನು ಅಭ್ಯಾಸ ಮಾಡಿದೆ. ಹುಬ್ಬು ಎಷ್ಟು ಏರಬೇಕು, ಬಾಯಿ ಎಷ್ಟು ತೆರೆಯಬೇಕು ಎಂಬುದೆಲ್ಲ ಒಂದು ಹದಕ್ಕೆ ಬಂದಿತ್ತು.

ಆದರೆ ಮೇಲಿನ ಮಾಲನ್ನು ನೋಡಿ ತೃಪ್ತಿಪಡುವ ಜಾಯಮಾನ ನನ್ನದಲ್ಲವಲ್ಲ. ಒಂದು ಶುಕ್ರವಾರ ಗಿರಿಜಾ ಅರಿಶಿನ ಕುಂಕುಮಕ್ಕೆಂದು ಎದುರು ಮನೆಗೆ ಹೋದಳು. ನಾನು ಸಾಮಾನಿನ ಕೋಣೆಗೆ ನುಗ್ಗಿ, ರಾಗಿ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಹಾಕಿದೆ. ಅಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾರ್ಡು ಸಿಕ್ಕಿತು. ಅಭ್ಯಾಸ ನೋಡಿ, ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಆಮೇಲೆ ತೆರೆದೆ.

ಸುಳ್ಳು ಹೇಳುವುದಿಲ್ಲ, ಮೈ ಜುಮ್ಮೆಂದಿತು. ಮುಂದೆ ಹಸಿರು ಗದ್ದೆ, ಅದರ ಹಿಂದೆ ಹೆಂಚಿನ ಮನೆ, ಮನೆಯ ಹಿಂದೆ ಗೇಣುದ್ದದ ತೆಂಗಿನಮರ, ಒಂದರ ಹಿಂದೊಂದು ಎದ್ದು ನಿಂತವು. ಯಾರದೋ ಮದುವೆ ಪತ್ರಿಕೆಯ ಜರಿ ಅಂಚು ಮನೆಯ ಬಾಗಿಲಿಗೆ ತೋರಣವಾಗಿತ್ತು. ಜಗುಲಿಯ ಮೇಲೆ ಸೀರೆ ಉಟ್ಟ ಇಬ್ಬರು ಹೆಂಗಸರು, ಒಬ್ಬಳ ಮಡಿಲು ತುಂಬಿದೆ. ಅವರ ಪಕ್ಕದಲ್ಲಿ ಬಿಳಿ ಪಂಚೆಯ, ದೊಡ್ಡ ಹೊಟ್ಟೆಯ ಒಬ್ಬ ಗಂಡಸು. ಕಾರ್ಡು ಪೂರ್ತಿ ತೆರೆದುಕೊಂಡಂತೆ ಅವನ ಕೈ ಮೆಲ್ಲಗೆ ಮೇಲೆದ್ದು, ಕಂದು ಬಣ್ಣದ ಒಂದು ಉಂಡೆಯನ್ನು ಕಿವಿಗೆ ಹಿಡಿಯಿತು. ಕೆಳಗೆ ಗಿರಿಜಾಳ ದುಂಡಗಿನ ಅಕ್ಷರ: "ಶಾಂತಕ್ಕನಿಗೆ."

ಶಾಂತಕ್ಕ ಎಂದರೆ ಗಿರಿಜಾಳ ಅಕ್ಕ. ಹಳೇಬೀಡಿನ ಹತ್ತಿರ ಮಾದಿಹಳ್ಳಿಯಲ್ಲಿದ್ದಾಳೆ. ನಾಲ್ಕು ವರ್ಷದಿಂದ ನಮಗೂ ಅವರಿಗೂ ಮಾತಿಲ್ಲ. ಕಾರಣ ಯಾರೆಂಬುದು ಕಾರ್ಡಿನಲ್ಲೇ ಎದ್ದು ನಿಂತಿದೆ. ಅವತ್ತು ಅವರ ಮನೆಯಿಂದ ಹೊರಡುವಾಗ ಶಾಂತಕ್ಕ ತಂಗಿಗೆ ಮಡಿಲಕ್ಕಿ ತುಂಬುತ್ತಿದ್ದಳು. ಅಕ್ಕಿ, ಬೆಲ್ಲ, ಎಲೆ ಅಡಿಕೆ, ಅವರದೇ ತೋಟದ ಎರಡು ಉಂಡೆ ಕೊಬ್ಬರಿ. ಒಂದು ಉಂಡೆ ಸೆರಗಿನಿಂದ ಜಾರಿ ನನ್ನ ಕಾಲ ಬಳಿ ಉರುಳಿತು. ನಾನು ಎತ್ತಿದೆ. ಎತ್ತಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಹಾಳಾದ ಕೈ ಕಿವಿಗೆ ಹೋಯಿತು. ಎರಡು ಸಲ ಅಲ್ಲಾಡಿಸಿ, ಜಗುಲಿ ತುಂಬ ನೆಂಟರಿರುವಾಗ, "ಇನ್ನೆರಡು ತಿಂಗಳು ಅಟ್ಟದ ಮೇಲೆ ಇರಬೇಕಿತ್ತು" ಎಂದುಬಿಟ್ಟೆ. ಶಾಂತಕ್ಕನ ಮುಖ ಕೆಂಪಾಯಿತು. "ನಮ್ಮನೆ ಮಡಿಲಕ್ಕೀನ ಮಂಡಿ ಮಾಲು ಮಾಡ್ಬಿಟ್ರಲ್ಲ ಯಜಮಾನ್ರೇ" ಎಂದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಇದನ್ನೆಲ್ಲ ನೆನೆದು ನನಗೆ ಪಶ್ಚಾತ್ತಾಪವಾಗಬೇಕಿತ್ತು. ಆದದ್ದು ಸಿಟ್ಟು. ಅರವತ್ತಕ್ಕೆ ಕಾರ್ಡು ಸಿಗುತ್ತದೆಂದು ಹುಬ್ಬು ಏರಿಸಿ ಕಾದವನನ್ನು ಇಲ್ಲಿ ನಗೆಪಾಟಲು ಮಾಡಿದ್ದಾಳೆ! ಈ ಹೊಟ್ಟೆ ಹೊತ್ತವನನ್ನು ಇಡೀ ಮಾದಿಹಳ್ಳಿ ನೋಡಬೇಕೇ? ನನ್ನನ್ನು ನಾನೇ ಎರಡು ಬೆರಳಲ್ಲಿ ಹಿಡಿದು ಕಿತ್ತೆ. ಬುಡದಲ್ಲಿ ಗಮ್ಮು ಗಟ್ಟಿಯಾಗಿತ್ತು. ಇನ್ನೂ ಜೋರಾಗಿ ಎಳೆದೆ. ನಾನು ಹರಿದು ಬಂದೆ. ಬಂದ ಮರುಕ್ಷಣ ತೆಂಗಿನಮರ ಮನೆಯ ಮೇಲೆ ಒರಗಿತು, ಮನೆ ಹೆಂಗಸರ ಮೇಲೆ ಬಿತ್ತು, ಎಲ್ಲ ಸೇರಿ ಗದ್ದೆಯಲ್ಲಿ ಮಲಗಿದವು. ಇಡೀ ಊರಿಗೆ ಆಧಾರವಾಗಿದ್ದದ್ದು ನನ್ನ ಬೆನ್ನಿಗೆ ಅಂಟಿಸಿದ್ದ ಒಂದು ಸಣ್ಣ ಪಟ್ಟಿ ಎಂದು ನನಗೆ ಹೇಗೆ ಗೊತ್ತಾಗಬೇಕು?

ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ನಾನು, ಹೀಗೆ ನಿಂತಿರುವಾಗ ಗಿರಿಜಾ ಬಂದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ರಾಗಿ ಡ್ರಮ್ಮಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅತ್ತುಬಿಟ್ಟಳು.

"ಫೋನ್ ಮಾಡಿದ್ರೆ ಎತ್ತಲ್ಲ, ಕಾಗದ ಬರೆದ್ರೆ ಬಿಡಿಸಿ ಓದಲ್ಲ. ಇದಾದ್ರೆ ತೆಗೆದ ತಕ್ಷಣ ತಾನೇ ಎದ್ದು ನಿಲ್ಲುತ್ತೆ ಅಂತ ಮಾಡಿದ್ದೆ ಕಣ್ರೀ. ಅಪ್ಪ ಅಮ್ಮ ಹೋದ್ಮೇಲೆ ನಂಗೆ ತವರು ಅಂತ ಇರೋದು ಅಕ್ಕನ ಮನೆ ಒಂದೇ."

"ನನ್ನನ್ಯಾಕೆ ಹಾಗೆ ನಿಲ್ಲಿಸಿದೆ?" ಎಂದೆ.

"ನಿಮ್ಮನ್ನ ನೋಡಿ ಅವಳಿಗೆ ನಗು ಬರ್ಲಿ ಅಂತ. ಒಂದ್ಸಲ ನಕ್ರೆ ಸಾಕಿತ್ತು, ಬಾಗ್ಲು ತೆಗೀತಿದ್ಳು. ಗೌರಿ ಹಬ್ಬಕ್ಕೆ ಇನ್ನು ನಾಕೇ ದಿನ."

ಹೆಂಡತಿಗೆ ತವರು ತಪ್ಪಿಸಿದವನು ನಾನು. ಅವಳು ದಾರಿ ಮಾಡಿಕೊಂಡರೆ ಅದನ್ನೂ ಕಿತ್ತವನು ನಾನೇ. "ನಾನೇ ಸರಿ ಮಾಡ್ತೀನಿ, ನೀನು ಹೇಳಿಕೊಡು" ಎಂದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನು ಅನುಮಾನದಿಂದ ನೋಡಿದಳು. ನಮ್ಮ ಮನೆಯಲ್ಲಿ ಆ ನೋಟ ಅದುವರೆಗೆ ನನ್ನ ಸ್ವತ್ತಾಗಿತ್ತು.

ಮೂರು ದಿನ ಮಂಡಿಯ ಬಾಗಿಲನ್ನು ಮಧ್ಯಾಹ್ನವೇ ಎಳೆದು ಮನೆಗೆ ಬಂದೆ. ಆ ಕೆಲಸದ ಕಷ್ಟ ಮಾಡಿದವರಿಗೇ ಗೊತ್ತು. ಮಡಿಸುವ ಮೊದಲು ರೀಫಿಲ್ ಮುಗಿದ ಪೆನ್ನಿನಿಂದ ಗೆರೆ ಎಳೆಯಬೇಕು, ಇಲ್ಲದಿದ್ದರೆ ಕಾಗದ ಅಡ್ಡಾದಿಡ್ಡಿ ಮುರಿಯುತ್ತದೆ. ಪಟ್ಟಿ ಒಂದು ಎಳೆಯಷ್ಟು ಉದ್ದವಾದರೂ ಮುಚ್ಚಿದಾಗ ಹೊರಗೆ ಇಣುಕುತ್ತದೆ. ಚೀಲ ಹೊತ್ತು ದಪ್ಪವಾದ ನನ್ನ ಬೆರಳಿಗೆ ತೆಂಗಿನ ಗರಿ ಅಂಟಿಕೊಂಡು, ಅದನ್ನು ಬಿಡಿಸಲು ಹೋದ ಇನ್ನೊಂದು ಬೆರಳೂ ಅಂಟಿಕೊಂಡು, ಗಿರಿಜಾ ಬಿಸಿನೀರು ತರಬೇಕಾಯಿತು. ಕೊನೆಗೆ ನನ್ನನ್ನು ನಾನೇ ಹೊಸದಾಗಿ ಕತ್ತರಿಸಿದೆ. ಅವಳು ನೋಡಿ, "ಹೊಟ್ಟೆ ಎಲ್ಲಿ?" ಎಂದಳು. "ಕಾಗದ ಸಾಲಲಿಲ್ಲ" ಎಂದೆ. ಇನ್ನೊಂದು ಲಗ್ನಪತ್ರಿಕೆ ತಂದು ಮುಂದಿಟ್ಟಳು. ಹೊಟ್ಟೆ ಬಂತು. ನೆಟ್ಟಗೆ ನಿಲ್ಲುವ ಹಾಗೆ ನನ್ನನ್ನು ಅಂಟಿಸಿ, ಬೆನ್ನಿಗೆ ತೆಂಗಿನಮರವನ್ನು ಹಿಡಿದು ನಿಲ್ಲಿಸುವ ಪಟ್ಟಿ ಸೇರಿಸಿ, ಕಾರ್ಡಿನ ಮೇಲೆ ಮಂಡಿಯಿಂದ ತಂದ ಐದು ಕೇಜಿ ತೂಕದ ಬಟ್ಟು ಹೇರಿದೆ. ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಿರಿಜಾ ಅದನ್ನು ಕವರಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟಿದ್ದಳು. ಒಮ್ಮೆ ತೆರೆದು ನೋಡೋಣವೆಂದರೆ, "ನೀವು ತೆರೆದದ್ದು ಸಾಕು" ಎಂದಳು.

ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿ ಮಾದಿಹಳ್ಳಿಯಲ್ಲಿ ಇಳಿದು ಅವರ ಮನೆಗೆ ನಡೆದೆವು. ಶಾಂತಕ್ಕ ಜಗುಲಿಯ ಮೇಲೆ ಅಲಸಂದೆ ಕಾಯಿ ಬಿಡಿಸುತ್ತಿದ್ದಳು. ನಮ್ಮನ್ನು ಕಂಡು ಮೊರ ಕೆಳಗಿಟ್ಟು, ಎದ್ದು, ಬಾಗಿಲಿಗೆ ಅಡ್ಡವಾಗಿ ನಿಂತಳು. ಬನ್ನಿ ಎನ್ನಲಿಲ್ಲ. ಗಿರಿಜಾ ಕಾರ್ಡನ್ನು ಅವಳ ಕೈಗೆ ತುರುಕಿದಳು.

"ಇದೇನೇ ಇದು, ಲಗ್ನಪತ್ರಿಕೆಯಾ?" ಎನ್ನುತ್ತಾ ಶಾಂತಕ್ಕ ತೆರೆದಳು.

ಗದ್ದೆ ಎದ್ದಿತು. ಮನೆ ಎದ್ದಿತು. ಮರ ಎದ್ದು ನೆಟ್ಟಗೆ ನಿಂತಿತು. ನನಗೆ ಉಸಿರು ಬಂತು. ಕಡೆಗೆ ನಾನೂ ಎದ್ದೆ, ಕೈ ಕಿವಿಗೆ ಹೋಯಿತು. ಶಾಂತಕ್ಕನ ಹುಬ್ಬು ಗಂಟಾಯಿತು. ಅವಳು ಕಾರ್ಡನ್ನು ಇನ್ನಷ್ಟು ಅಗಲಿಸಿದಳು. ಆಗ ನಾನು ಸೊಂಟದ ಹತ್ತಿರ ಮಡಿಸಿಕೊಂಡು, ಹೊಟ್ಟೆಯ ಸಮೇತ ಮುಂದಕ್ಕೆ ಬಾಗಿ, ಕೊಬ್ಬರಿ ಹಿಡಿದ ಕೈಯನ್ನು ಚಾಚಿ, ಕಾಗದದ ಅಕ್ಕನ ಕಾಲಿಗೆ ಅಡ್ಡಬಿದ್ದೆ.

ಶಾಂತಕ್ಕ ಕಾರ್ಡನ್ನು ಮುಚ್ಚಿದಳು. ಮತ್ತೆ ತೆರೆದಳು. ನಾನು ಮತ್ತೆ ಎದ್ದೆ, ಮತ್ತೆ ಬಿದ್ದೆ. ನಾಲ್ಕನೆಯ ಸಲ ನಾನು ಬೀಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಏಯ್ ಗಿರಿಜಾ, ನೋಡೇ ಇಲ್ಲಿ, ಯಜಮಾನ್ರು ಎಷ್ಟ್ ಸಲ ಬೀಳ್ತಾರೆ! ಇದನ್ನ ಯಾರೇ ಮಾಡಿದ್ದು?"

ಅಕ್ಕ ತಂಗಿ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. "ನಾನೇ ಮಾಡಿದ್ದು ಅಕ್ಕ. ತಪ್ಪಾಯ್ತು ಅಂತ ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೇ" ಎಂದೆ. ಅರ್ಧ ನಿಜ ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಬನ್ನಿ ಒಳಿಕ್ಕೆ. ಬಿಸಿಲು ಐತೆ, ಅಲ್ಲೇ ನಿಂತ್ಕಂಡ್ರಲ್ಲ" ಎಂದಳು ಶಾಂತಕ್ಕ.

ಸಂಜೆ ಹೊರಡುವಾಗ ಮಡಿಲಕ್ಕಿ ತುಂಬಿದಳು. ಬಾಗಿನದ ಮೊರವನ್ನೂ ಕೊಟ್ಟಳು. ಗಿರಿಜಾಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ನಾಲ್ಕು ವರ್ಷವಾಗಿತ್ತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹಳೆಯ ಕಸುಬು ಶುರುವಾಯಿತು. ನಾನು ನನ್ನನ್ನು ನೆಟ್ಟಗೆ ಅಂಟಿಸಿದ್ದೆ. ಸೊಂಟದಲ್ಲಿ ಗೆರೆ ಎಳೆದಿರಲಿಲ್ಲ, ಮಡಿಸಿರಲಿಲ್ಲ, ತಲೆಯಿಂದ ಅಕ್ಕನ ಕಾಲಿಗೆ ಪಟ್ಟಿ ಹಾಕಿರಲಿಲ್ಲ. ಓರೆಗಣ್ಣಿನಿಂದ ಗಿರಿಜಾಳ ಹೆಬ್ಬೆರಳು ನೋಡಿದೆ. ಉಗುರಿನ ಸುತ್ತ ಹೊಸ ಗಮ್ಮು.

"ಗಿರಿಜಾ, ಆ ಸೊಂಟದ ಮಡಿಕೆ..." ಎಂದೆ.

"ಯಾವ ಮಡಿಕೆ? ನೀವೇ ಮಾಡಿದ್ದು ಅಂತ ಅಕ್ಕನ ಮುಂದೆ ಹೇಳಿದ್ರಲ್ಲ" ಎಂದು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಮಡಿಲಿನಿಂದ ಒಂದು ಉಂಡೆ ಕೊಬ್ಬರಿ ತೆಗೆದು ನನ್ನ ಕೈಗಿಟ್ಟಳು. "ಬೆಳಿಗ್ಗೆಯಿಂದ ಕೈ ಕಟ್ಕೊಂಡಿದ್ದೀರಿ, ಪಾಪ. ಈಗ ಅಲ್ಲಾಡಿಸಿ."

ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದೆ. ಜಾವಗಲ್ಲಿನ ರಸ್ತೆ, ಹಳೇ ಬಸ್ಸು, ಕಿಟಕಿಗಳ ಗಡಗಡ. ಏನೆಂದರೆ ಏನೂ ಕೇಳಿಸಲಿಲ್ಲ.

"ಹೇಗಿದೆ?" ಎಂದಳು.

"ಒಂದನೇ ದರ್ಜೆ" ಎಂದೆ.