ಹಿಂದಕ್ಕೆ ಬೆಳೆದ ವಿಶ್ವವಿದ್ಯಾಲಯ

‘ಇಪ್ಪತ್ತೆರಡು ವರ್ಷಗಳ ಹಿಂದೆ ಆರಂಭವಾದ ನಮ್ಮ ವಿಶ್ವವಿದ್ಯಾಲಯ’ ಎಂದು ಗೋಡೆಯ ಮೇಲೆ ಬರೆದು ಪೇಂಟರ್ ಬ್ರಷ್ ಎತ್ತುವಷ್ಟರಲ್ಲಿ ಪ್ರವಾಸೋದ್ಯಮದ ಮೇಷ್ಟ್ರು ಅಲ್ಲಿಗೆ ಬಂದರು. ತೊಂದರೆ ಶುರುವಾದದ್ದೇ ಆಗ.

ಅದು ಪ್ರವಾಸೋದ್ಯಮ ಮತ್ತು ಭಾಷೆಗಳ ವಿಶ್ವವಿದ್ಯಾಲಯ. ಮಧ್ಯಾಹ್ನ ಮೂರಕ್ಕೆ ಹುದ್ದೆ ಮಂಜೂರು ಮಾಡುವ ಸರ್ಕಾರಿ ಸಮಿತಿ ಬರುವುದಿತ್ತು. ಅಷ್ಟರೊಳಗೆ ಪ್ರವೇಶದ ಗೋಡೆಯ ಮೇಲೆ ಸಂಸ್ಥೆಯ ಇತಿಹಾಸ ಬರೆಸಿ ಮುಗಿಸುವ ಹೊಣೆ ಗುಮಾಸ್ತನದು. ಒಂಬತ್ತು ವರ್ಷಗಳಿಂದ ಅವನದು ಹಂಗಾಮಿ ಕೆಲಸ. ಆರು ತಿಂಗಳಿಗೊಮ್ಮೆ ಆದೇಶ ಮುಗಿಯುತ್ತಿತ್ತು, ಮತ್ತೆ ಹುಟ್ಟುತ್ತಿತ್ತು. ಹೆಣ್ಣು ಕೊಟ್ಟ ಮಾವ ಪ್ರತಿ ಭಾನುವಾರ ಫೋನು ಮಾಡಿ, “ಅಳಿಯಂದಿರೇ, ಕಾಯಂ ಆಯ್ತಾ?” ಎಂದು ಕೇಳುತ್ತಿದ್ದರು. ಯೋಗಕ್ಷೇಮ ಕೇಳುವುದನ್ನು ಅವರು ಎಂದೋ ಬಿಟ್ಟಿದ್ದರು.

“ಇವತ್ತು ಸಮಿತಿ ಮುಂದೆ ನಿಮ್ಮ ಕಾಯಂ ಫೈಲೂ ಇಡ್ತೀನಿ,” ಎಂದು ಕುಲಸಚಿವರು ಬೆಳಗ್ಗೆಯೇ ಹೇಳಿದ್ದರು. “ಗೋಡೆ ಚೆನ್ನಾಗಿರಲಿ. ಯಾರ ಮನಸ್ಸೂ ನೋಯಿಸಬೇಡಿ.”

ಮೇಷ್ಟ್ರು ಗೋಡೆ ಓದಿದರು. “ಇಪ್ಪತ್ತೆರಡಾ? ಅದಕ್ಕೂ ಮುಂಚೆ ಇದು ಗೈಡ್‌ಗಳ ತರಬೇತಿ ಶಾಲೆ ಆಗಿತ್ತು ಕಣಪ್ಪ. ಎರಡು ಕೋಣೆ, ಒಂದು ಭೂಪಟ. ಮೂವತ್ತೈದು ಅಂತ ಹಾಕು.”

“ಸಾರ್, ವಿಶ್ವವಿದ್ಯಾಲಯ ಅಂತ ಆಗಿದ್ದು...”

“ಮಗು ಹುಟ್ಟೋದು ಹೆಸರಿಟ್ಟ ದಿನವಾ, ಹೆತ್ತ ದಿನವಾ?”

ಗುಮಾಸ್ತನಿಗೆ ಉತ್ತರ ಗೊತ್ತಿತ್ತು. ಆದರೆ ಹಂಗಾಮಿ ನೌಕರನಿಗೆ ಎಲ್ಲ ಉತ್ತರ ಗೊತ್ತಿರುವುದು ಒಳ್ಳೆಯದಲ್ಲ. ಪೇಂಟರ್ ಇಪ್ಪತ್ತೆರಡರ ಮೇಲೆ ಬಿಳಿ ಬಳಿದ.

ಮೂವತ್ತೈದು ಒಣಗುವ ಮೊದಲೇ ಭಾಷಾ ವಿಭಾಗದ ಮೇಡಂ ಬಂದರು. “ನಿಮ್ಮ ಗೈಡ್‌ಗಳಿಗೆ ಮಾತು ಕಲಿಸಿದ್ದು ಯಾರು? ಅಂಚೆ ಕಚೇರಿ ಮಹಡಿ ಮೇಲೆ ಅನುವಾದಕರ ಸಂಜೆ ತರಗತಿ ನಡೀತಿತ್ತು. ನಮ್ಮಪ್ಪನೇ ಅಲ್ಲಿ ಓದಿದ್ದು. ನಲವತ್ತೆಂಟು ವರ್ಷ!”

“ಮೇಡಂ, ಮೇಷ್ಟ್ರು ಆಗಲೇ...”

“ಅವರು ಹೇಳಿದ್ದು ಇತಿಹಾಸ, ನಾನು ಹೇಳಿದ್ದು ಕತೆನಾ?”

ಮತ್ತೆ ಬಿಳಿ, ಮತ್ತೆ ಕಪ್ಪು. ಹನ್ನೆರಡಕ್ಕೆ ಹೋಟೆಲ್ ತರಬೇತಿಯ ಮುಖ್ಯಸ್ಥರು ಏಪ್ರನ್ ತೊಟ್ಟುಕೊಂಡೇ ಬಂದರು. ಅವರ ಪ್ರಕಾರ ಹಡಗಿನ ಅಡುಗೆಯವರಿಗೆ ಪಾಠ ಹೇಳುತ್ತಿದ್ದ ಶೆಡ್ಡೇ ಇದೆಲ್ಲದರ ಮೂಲ. “ಹಸಿದ ಹೊಟ್ಟೇಲಿ ಯಾರು ಪ್ರವಾಸ ಮಾಡ್ತಾರೆ, ಯಾರು ಭಾಷೆ ಕಲೀತಾರೆ? ಅರವತ್ತೊಂದು ಬರೀರಿ.”

ಅಷ್ಟು ಹೊತ್ತಿಗೆ ಗೋಡೆಯ ಆ ಜಾಗ ಜಾರಿ ಬಿದ್ದವನ ಮೊಣಕಾಲಿನಂತೆ ಊದಿಕೊಂಡಿತ್ತು. ಪೇಂಟರ್ ಏಣಿಯ ಮೇಲಿಂದಲೇ ಹೇಳಿದ: “ಸಾರ್, ಇನ್ನೊಂದು ಸಲ ವಯಸ್ಸು ಏರಿಸಿದ್ರೆ ಗೋಡೇನೇ ಮುದಿಯಾಗಿ ಬಿದ್ದೋಗುತ್ತೆ.”

ಗುಮಾಸ್ತ ಊಟಕ್ಕೆ ಹೋಗಲಿಲ್ಲ. ಗೋಡೆಯ ಕಾವಲಿಗೆ ಕೂತ. ಸುಳ್ಳಿಗೂ ಸತ್ಯಕ್ಕೂ ನಡುವೆ ಒಂದು ಮೌನವಿರುತ್ತದೆ. ಒಂಬತ್ತು ವರ್ಷ ತಾನು ಸಂಬಳ ಪಡೆದದ್ದು ಆ ಮೌನಕ್ಕೇ ಎಂದು ಅವನಿಗೆ ಅನ್ನಿಸಿತು. ಎರಡೂವರೆಗೆ ಮೇಷ್ಟ್ರು ಓಡೋಡಿ ಬಂದರು. ಅಡುಗೆಯವರಿಗಿಂತ ಹಿಂದೆ ಬಿದ್ದ ಸಂಕಟ ಅವರ ಮುಖದಲ್ಲಿತ್ತು.

“ನೂರಾ ಹತ್ತು ವರ್ಷದ ಹಿಂದೆ ಈ ಕಟ್ಟಡ ಕುದುರೆ ಲಾಯ ಆಗಿತ್ತು! ದೂರದ ಪ್ರಯಾಣಿಕರು ಇಲ್ಲೇ ತಂಗ್ತಿದ್ರು. ತಂಗಿದ್ರೆ ಪ್ರವಾಸೋದ್ಯಮ ಆಗ್ಲಿಲ್ವಾ?”

ಹಿಂದೆಯೇ ಬಂದ ಮೇಡಂ ಒಂದು ಗಳಿಗೆ ಯೋಚಿಸಿದರು. “ಜಾಗಕ್ಕೆ ಜಗಳ ಆಡಿರ್ತಾರೆ. ಒಬ್ಬೊಬ್ಬರು ಒಂದೊಂದು ಭಾಷೇಲಿ. ನನ್ನದೂ ಒಪ್ಪಿಗೆ.”

“ಕುದುರೆಗೆ ಹುರುಳಿ ಬೇಯಿಸಿರ್ತಾರೆ,” ಎಂದರು ಏಪ್ರನ್ನಿನವರು.

ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ಮೂರು ವಿಭಾಗಗಳು ಒಮ್ಮತಕ್ಕೆ ಬಂದವು. ಗೋಡೆಯ ಮೇಲೆ ನೂರಾ ಹತ್ತು ವರ್ಷ ಬಿತ್ತು.

ಸಮಿತಿಯ ಅಧ್ಯಕ್ಷೆ ಗೋಡೆಯನ್ನು ಎರಡು ಸಲ ಓದಿದರು. “ನೂರಾ ಹತ್ತು! ಇಷ್ಟು ಹಳೇ ಸಂಸ್ಥೆ ಅಂತ ಗೊತ್ತೇ ಇರಲಿಲ್ಲ.” ಮೂವರೂ ಎದೆಯುಬ್ಬಿಸಿದರು. ಕುಲಸಚಿವರು ಗುಮಾಸ್ತನ ಬೆನ್ನು ತಟ್ಟಿ, ಅವನ ಕಾಯಂ ಫೈಲನ್ನು ಅಧ್ಯಕ್ಷೆಯ ಮುಂದಿಟ್ಟರು.

ಅಧ್ಯಕ್ಷೆ ಫೈಲು ತೆರೆಯಲಿಲ್ಲ. “ಇದು ಬೇಡ ಬಿಡಿ. ಹೊಸ ಕಾಯಂ ಹುದ್ದೆಗಳನ್ನ ಕೊಡ್ತಿರೋದು ಇಪ್ಪತ್ತೈದು ವರ್ಷದೊಳಗಿನ ಸಂಸ್ಥೆಗಳಿಗೆ. ನೂರು ದಾಟಿದವರು ಕೈಹಿಡಿದು ನಡೆಸಿ ಅಂತ ಕೇಳ್ತಾರಾ?”

ಗುಮಾಸ್ತನ ಒಂಬತ್ತು ವರ್ಷಗಳ ಮೌನ ಒಮ್ಮೆಲೇ ಒಡೆಯಿತು. “ಮೇಡಂ, ನಿಜವಾಗಿ ಇಪ್ಪತ್ತೆರಡೇ!”

“ಹೌದಾ? ಹಾಗಾದ್ರೆ ಗೋಡೆ ಮೇಲೆ ಸುಳ್ಳು ಬರೆಸಿದ್ದು ಯಾರು?”

ಮೇಷ್ಟ್ರು ಛಾವಣಿ ನೋಡಿದರು. ಭಾಷಾ ವಿಭಾಗದ ಮೇಡಂ ಮೇಷ್ಟ್ರನ್ನು ನೋಡಿದರು. ಏಪ್ರನ್ನಿನವರಿಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಯಿತು. ಪೇಂಟರ್ ಮಾತ್ರ ಬ್ರಷ್ಷಿನಿಂದಲೇ ಗುಮಾಸ್ತನನ್ನು ತೋರಿಸಿದ. “ಇವರೇ ಹೇಳ್ತಿದ್ರು, ನಾನು ಬರೀತಿದ್ದೆ.”

ಗುಮಾಸ್ತ ಲೆಕ್ಕ ಹಾಕಿದ. ಸುಳ್ಳುಗಾರನಾಗಿ ಇವತ್ತೇ ಮನೆಗೆ ಹೋಗುವುದಕ್ಕಿಂತ ಹಂಗಾಮಿಯಾಗಿ ನಾಳೆಯೂ ಬರುವುದು ಲೇಸು.

“ಇಲ್ಲ ಮೇಡಂ,” ಎಂದ. “ನೂರಾ ಹತ್ತೇ.”

ಸಮಿತಿಯ ಕಾರು ಗೇಟು ದಾಟಿದ ಮೇಲೆ ಕುಲಸಚಿವರು ಅವನನ್ನು ಒಳಗೆ ಕರೆದರು. “ಬೇಜಾರು ಮಾಡ್ಕೋಬೇಡಿ. ಅಧ್ಯಕ್ಷೆ ಇತಿಹಾಸದ ಪೂರ್ತಿ ಪುಸ್ತಕ ಕೇಳಿದ್ದಾರೆ. ಮಧ್ಯೆ ಎಂಬತ್ತೆಂಟು ವರ್ಷ ಖಾಲಿ ಬಿದ್ದಿದೆಯಲ್ಲ, ಅದನ್ನ ತುಂಬೋಕೆ ನಿಮ್ಮನ್ನೇ ಹಾಕಿದ್ದೀನಿ. ಹಂಗಾಮಿಯಾಗಿ. ಪುಸ್ತಕ ಮುಗಿದ ದಿನ ಆದೇಶಾನೂ ಮುಗಿಯುತ್ತೆ.”

ಗುಮಾಸ್ತನ ಕಣ್ಣಲ್ಲಿ ಸಣ್ಣ ಆಸೆ ಮಿನುಗಿತು. “ಎಂಬತ್ತೆಂಟು ವರ್ಷದ ಇತಿಹಾಸ ಸಾರ್... ತುಂಬಾ ದಿನ ಹಿಡಿಯುತ್ತೆ.”

“ಒಂದೇ ತಿಂಗಳು,” ಎಂದರು ಕುಲಸಚಿವರು ಸಹಿ ಹಾಕುತ್ತ. “ಏನೂ ನಡೆದೇ ಇಲ್ಲವಲ್ಲ, ಬೇಗ ಮುಗಿಯುತ್ತೆ.”