ಕುಡಿಯದವನ ಲಿವರ್

ನೀರು ಸರಬರಾಜು ಕಚೇರಿಯ ಹೆಡ್ ಗುಮಾಸ್ತರಿಗೆ ಏನನ್ನೇ ಆದರೂ ಗಟ್ಟಿಯಾಗಿ ಓದುವ ಅಭ್ಯಾಸ. ಮನಸ್ಸಿನಲ್ಲಿ ಓದಿಕೊಂಡರೆ ಅರ್ಥವಾಗುವುದಿಲ್ಲ ಎನ್ನುತ್ತಿದ್ದರು. ಆ ಬೆಳಿಗ್ಗೆ ಅವರ ಕೈಗೆ ಅಂಟು ಬಿಟ್ಟ ಒಂದು ಲಕೋಟೆ ಸಿಕ್ಕಿತು. ಅನಾಹುತಕ್ಕೆ ಅಷ್ಟೇ ಸಾಕಾಯಿತು.

ಹದಿನೈದು ದಿನಗಳ ಹಿಂದೆ ನೌಕರರಿಗೆಲ್ಲ ಆರೋಗ್ಯ ತಪಾಸಣೆ ನಡೆದಿತ್ತು. ಹಾಜರಿ ಹಾಕಲು ಸಾಲಾಗಿ ನಿಂತವರಿಗೆ ಅದರ ವರದಿಗಳನ್ನು ಹಂಚುತ್ತಿದ್ದಾಗ ಲಕೋಟೆಯಿಂದ ಒಂದು ಕಾಗದ ಜಾರಿ ಕೆಳಗೆ ಬಿತ್ತು. ಹೆಡ್ ಗುಮಾಸ್ತರು ಅದನ್ನೆತ್ತಿ ಓದಿದರು.

"ಲಿವರ್ ದಪ್ಪಗಾಗಿದೆ. ಕೊಬ್ಬು ಶೇಖರವಾಗಿದೆ. ಎರಡನೇ ಹಂತ. ಕೂಡಲೇ ವೈದ್ಯರನ್ನು ಕಾಣುವುದು." ಆಮೇಲೆ ಮೇಲಿದ್ದ ಹೆಸರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. "ಅಲ್ರೀ, ಇದು ನಮ್ಮ ಶುದ್ಧಪ್ಪಂದು."

ಶುದ್ಧಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ಫಿಲ್ಟರ್ ಮನೆಯಲ್ಲಿ ಊರಿನ ನೀರು ಸೋಸುತ್ತಿದ್ದನೆಂದು ಅರ್ಧ ಹೆಸರು ಬಂದಿತ್ತು. ಹೆಂಡವನ್ನು ಕಣ್ಣೆತ್ತಿಯೂ ನೋಡದೆ, ನೋಡಿದವರನ್ನು ಸುಮ್ಮನೆ ಬಿಡದೆ ಇದ್ದುದರಿಂದ ಉಳಿದರ್ಧ ಬಂದಿತ್ತು. ಊಟದ ಹೊತ್ತಿನಲ್ಲಿ ಯಾರಾದರೂ ಸ್ವಲ್ಪ ಕೆಂಗಣ್ಣಿನಲ್ಲಿ ಬಂದರೆ ಸಾಕು, ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಶುದ್ಧಪ್ಪನ ಉಪದೇಶ ಶುರು. ಹೋದ ವರ್ಷ ಪಂಪ್ ನಡೆಸುವವನ ಬಾಯಿ ವಾಸನೆ ಬರುತ್ತದೆಂದು ಮೇಲಿನವರಿಗೆ ಅರ್ಜಿಯನ್ನೇ ಬರೆದಿದ್ದ. ಪಾಪ, ಪಂಪಿನವನು ಮೂರು ತಿಂಗಳು ಹಾವು ಚೇಳಿನ ಜೊತೆ ದೂರದ ಟ್ಯಾಂಕ್ ಕಾದು ಬಂದಿದ್ದ.

ಈಗ ಆ ಪಂಪಿನವನೇ ಸಾಲಿನಲ್ಲಿ ಶುದ್ಧಪ್ಪನ ಹಿಂದೆ ನಿಂತಿದ್ದ. ಮೆಲ್ಲಗೆ ತನ್ನ ವರದಿ ಬಿಚ್ಚಿ ಮುಂದೆ ಹಿಡಿದ.

"ಅಣ್ಣಾ, ಇದೊಂದು ಸ್ವಲ್ಪ ಓದಿ ಹೇಳು. ನಂದು ನಾರ್ಮಲ್ ಅಂತ ಇದೆಯಾ?"

ಇತ್ತು. ಶುದ್ಧಪ್ಪ ಓದಬೇಕಾಗಿ ಬಂತು.

"ನೋಡಿದ್ರಾ," ಎಂದ ಪಂಪಿನವನು ಸಾಲಿನ ಕಡೆ ತಿರುಗಿ. "ನಾವು ಬಾಗಿಲು ತೆಗೆದು ಕುಡಿಯೋರು. ಬಾಗಿಲು ಹಾಕ್ಕೊಂಡು ಕುಡಿಯೋರ ಲಿವರ್ರೇ ಬೇರೆ."

"ನಾನು ಕುಡಿಯಲ್ಲ," ಎಂದ ಶುದ್ಧಪ್ಪ. "ನಾನು ಕುಡಿಯಲ್ಲ ಅಂತ ನಿಮಗೆಲ್ಲ ಗೊತ್ತು," ಎಂದ. ಹೆಡ್ ಗುಮಾಸ್ತರು ಹಾಜರಿ ಪುಸ್ತಕದಲ್ಲಿ ಏನನ್ನೋ ಹುಡುಕುವವರಂತೆ ತಲೆ ತಗ್ಗಿಸಿದರು. ಮೂರನೇ ಸಲ ಹೇಳುವಾಗ ಅವನ ದನಿಯೇ ಅವನಿಗೆ ಸುಳ್ಳುಗಾರನ ದನಿಯಂತೆ ಕೇಳಿಸಿತು. ಮುಖ ಸಣ್ಣದಾಯಿತು. ಲಕೋಟೆಯನ್ನು ಜೇಬಿಗೆ ತುರುಕಿಕೊಂಡು ನೇರ ಕಚೇರಿಯ ಚಿಕಿತ್ಸಾಲಯಕ್ಕೆ ನಡೆದ.

ಡಾಕ್ಟರಮ್ಮ ವರದಿ ಓದಿದರು, ಹೊಟ್ಟೆಯ ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ನೋಡಿದರು.

"ಕುಡೀತೀರಾ?"

"ಇಲ್ಲ ಡಾಕ್ಟ್ರೇ. ಹುಟ್ಟಿದಾಗಿಂದ ಮುಟ್ಟಿಲ್ಲ."

"ಸರಿ, ನಂಬ್ತೀನಿ. ಕುಡಿಯದೆ ಇದ್ದೋರಿಗೂ ಇದು ಬರುತ್ತೆ."

ಬೆಳಗಿನಿಂದ ಆ ಮಾತು ಹೇಳಿದ ಮೊದಲ ಜೀವ ಅದು. ಶುದ್ಧಪ್ಪನ ಕಣ್ಣು ತುಂಬಿ ಬಂತು. ಆದರೆ ಡಾಕ್ಟರಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ.

"ಸಿಹಿ ತಿಂಡಿ ಎಷ್ಟು ತಿಂತೀರಿ?"

ತುಂಬಿದ ಕಣ್ಣು ಹಾಗೇ ಒಣಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ಅವನ ಕೈ ತುಟಿಯ ಅಂಚಿಗೆ ಹೋಯಿತು, ಅಲ್ಲೇನೋ ಮೆತ್ತಿಕೊಂಡಿದೆಯೇನೋ ಎಂಬಂತೆ.

ಆರು ತಿಂಗಳ ಹಿಂದೆ ಅವನ ಹೆಂಡತಿಗೆ ರಕ್ತದಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿ ಇದೆಯೆಂದು ತಿಳಿದಿತ್ತು. ಅವಳು ಸಪ್ಪೆ ಮುಖ ಮಾಡಿ ಕೂತಾಗ ಶುದ್ಧಪ್ಪ ಬೀದಿಗೆಲ್ಲ ಕೇಳುವಂತೆ ಹೇಳಿದ್ದ: "ನೀನೊಬ್ಬಳೇ ಯಾಕೆ ಬಿಡಬೇಕು? ಇವತ್ತಿಂದ ನನಗೂ ಸಿಹಿ ಬೇಡ." ಬೀದಿಯ ಹೆಂಗಸರೆಲ್ಲ ಅವನನ್ನು ಕೊಂಡಾಡಿದರು. ಎದುರುಮನೆಯ ಪಂಪಿನವನ ಹೆಂಡತಿಯಂತೂ ತನ್ನ ಗಂಡನಿಗೆ ದಿನಕ್ಕೆರಡು ಸಲ, "ಗಂಡ ಅಂದ್ರೆ ಅವರು, ನೋಡಿ ಕಲೀರಿ," ಎನ್ನುತ್ತಿದ್ದಳು. ಎರಡು ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಮೂರನೇ ವಾರ, ಮನೆಗೆ ಹೋಗುವ ದಾರಿಯ ಬೇಕರಿಯಿಂದ ಬೆಂದ ಬನ್ನಿನ ವಾಸನೆ ಬಂದು ಅವನ ಅಂಗಿಯ ಕಾಲರು ಹಿಡಿದು ಒಳಗೆಳೆಯಿತು. ಅಂದಿನಿಂದ ದಿನಕ್ಕೆರಡು ಕ್ರೀಮ್ ಬನ್ನು. ಹಿಟ್ಟಿನ ಮೂಟೆಗಳ ಹಿಂದೆ, ಗೋಡೆಗೆ ಮುಖ ಮಾಡಿ ನಿಂತು ತಿನ್ನುವುದು. ಆಮೇಲೆ ನಲ್ಲಿಯಲ್ಲಿ ಬಾಯಿ ತೊಳೆದು ಮನೆಗೆ ಹೋಗಿ, ಹೆಂಡತಿಯ ಎದುರು ಕೂತು ಸಕ್ಕರೆಯಿಲ್ಲದ ಟೀ ಕುಡಿದು, "ಅಭ್ಯಾಸ ಆಗ್ಬಿಡುತ್ತೆ ಕಣೇ," ಎಂದು ಧೈರ್ಯ ಹೇಳುವುದು.

ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿ ಮುಗಿಸುವ ಹೊತ್ತಿಗೆ ಶುದ್ಧಪ್ಪನ ಗದ್ದ ಎದೆಗೆ ತಾಗಿತ್ತು.

"ನಿಮ್ಮ ಫಿಲ್ಟರ್ ಮನೇಲಿ ಏನು ಮಾಡ್ತೀರಿ?" ಎಂದರು ಅವರು.

"ನೀರನ್ನ ಮರಳಿನ ಮೇಲೆ ಬಿಡ್ತೀವಿ. ಕೊಳೆ ಮರಳಲ್ಲಿ ನಿಲ್ಲುತ್ತೆ. ಆಮೇಲೆ ಕೆಳಗಿಂದ ನೀರು ನುಗ್ಗಿಸಿ ಮರಳು ತೊಳೀತೀವಿ."

"ಲಿವರ್ ಅದಕ್ಕಿಂತ ಜಾಣ. ಅದು ಕೊಳೇನ ಹಿಡಿದಿಟ್ಟುಕೊಳ್ಳಲ್ಲ. ರಕ್ತದಲ್ಲಿ ಬಂದ ವಿಷಾನ ಒಡೆದು, ಸಪ್ಪೆ ಮಾಡಿ, ಹೊರಗೆ ಹೋಗೋ ಹಾಗೆ ಮಾಡುತ್ತೆ. ಪಿತ್ತ ತಯಾರಿಸುತ್ತೆ. ಉಂಡ ಸಕ್ಕರೇನ ಕೂಡಿಟ್ಟು ಬೇಕಾದಾಗ ಕೊಡುತ್ತೆ. ಆದ್ರೆ ಕೂಡಿಡೋಕೂ ಜಾಗ ಬೇಕಲ್ಲ? ಜಾಗ ಮೀರಿ ಬಂದಿದ್ದನ್ನ ಕೊಬ್ಬು ಮಾಡಿ ತನ್ನ ಮೈಯಲ್ಲೇ ಇಟ್ಕೊಳ್ಳುತ್ತೆ. ನೋವು ಅಂತ ಬಾಯಿ ಬಿಡಲ್ಲ. ನಾಲ್ಕೈದು ತಿಂಗಳ ಬನ್ನು ಒಂದೇ ಅಲ್ಲ, ಅದಕ್ಕೆ ಮುಂಚೆ ತಿಂದಿದ್ದೂ ಇರುತ್ತೆ, ಕೂತೇ ಇರೋದೂ ಸೇರಿರುತ್ತೆ."

"ತೊಳೆಯೋಕೆ ಏನಾದ್ರೂ ಔಷಧಿ ಇದೆಯಾ ಡಾಕ್ಟ್ರೇ?"

"ಲಿವರ್ ತೊಳೆಯುತ್ತೆ ಅಂತ ಮಾರೋ ಕಷಾಯ, ಪುಡಿ ಏನೂ ಮುಟ್ಟಬೇಡಿ. ಅದನ್ನೂ ಪಾಪ ಲಿವರ್ರೇ ತೊಳೀಬೇಕು. ಬನ್ನು ಬಿಡಿ, ಕರಿದಿದ್ದು ಕಡಿಮೆ ಮಾಡಿ, ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೀರಿ. ನೀವು ಸುಮ್ಮನಿದ್ರೆ ಅದು ತನ್ನಷ್ಟಕ್ಕೆ ತಾನೇ ಸರಿ ಮಾಡ್ಕೊಳ್ಳುತ್ತೆ. ಅಷ್ಟು ಕ್ಷಮಿಸೋ ಅಂಗ ಮೈಯಲ್ಲಿ ಇನ್ನೊಂದಿಲ್ಲ."

ಶುದ್ಧಪ್ಪ ಎದ್ದವನು ಬಾಗಿಲಲ್ಲಿ ನಿಂತ. "ಡಾಕ್ಟ್ರೇ, ಬನ್ನಿನ ವಿಷಯ ಮನೇಲಿ ಗೊತ್ತಾಗಬಾರದು."

"ನನ್ನ ಬಾಯಿಂದ ಹೋಗಲ್ಲ. ನೀವೇ ಹೇಳಿದ್ರೆ ಒಳ್ಳೇದು."

ಹೇಳಬೇಕೆಂದೇ ಅವನು ಅರ್ಧ ದಿನ ರಜೆ ಹಾಕಿ ಮನೆಗೆ ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಆದರೆ ಮನೆಯ ಮುಂದೆ ಚಪ್ಪಲಿಗಳ ಗುಂಪು ಕಂಡಿತು. ಸುದ್ದಿಗೆ ಕಾಲಿಲ್ಲದಿದ್ದರೂ ಅವನಿಗಿಂತ ಮೊದಲೇ ಮನೆ ಸೇರಿತ್ತು.

ನಡುಮನೆಯಲ್ಲಿ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಪಂಪಿನವನ ಹೆಂಡತಿ ಅವಳ ಬೆನ್ನು ನೀವುತ್ತಿದ್ದಳು. ಕುರ್ಚಿಯಲ್ಲಿ ಹೆಂಡತಿಯ ಅಣ್ಣ. ಮೂವತ್ತು ವರ್ಷ ಜೈಲಿನಲ್ಲಿ ವಾರ್ಡರ್ ಆಗಿದ್ದು ನಿವೃತ್ತನಾದ ಆ ಭಾವ ಯಾರ ಮನೆಗೆ ಹೋದರೂ ಬಾಗಿಲಿಗೆ ಎದುರಾಗಿಯೇ ಕೂರುತ್ತಿದ್ದ, ಯಾರಾದರೂ ತಪ್ಪಿಸಿಕೊಂಡು ಹೋದಾರು ಎಂಬಂತೆ.

ಹೆಂಡತಿ ತಲೆಯೆತ್ತಿದಳು. ಅವಳ ಮುಂದೆ ಅರ್ಧ ಕುಡಿದ ಸಕ್ಕರೆಯಿಲ್ಲದ ಟೀ ತಣ್ಣಗಾಗಿತ್ತು.

"ನಂಗೆ ಒಂದೇ ಒಂದು ಮಾತು ಹೇಳಿ. ಕುಡೀತೀರಾ?"

ಶುದ್ಧಪ್ಪ ಆ ಲೋಟವನ್ನು ನೋಡಿದ. ಆರು ತಿಂಗಳು ಅವಳು ಕುಡಿದ ಅಂಥ ಲೋಟಗಳು ಸಾಲುಗಟ್ಟಿ ಕಣ್ಣ ಮುಂದೆ ಬಂದವು. ಕುಡುಕನಾದರೆ ಊರು ನಗುತ್ತದೆ. ಬನ್ನು ತಿಂದವನಾದರೆ ಇವಳು ಅಳುತ್ತಾಳೆ. ಜೋಡಿಸಿಟ್ಟ ಮಾತೆಲ್ಲ ಚೆಲ್ಲಿಹೋಗಿ ಬಾಯಿಂದ ಬೇರೆಯೇ ಒಂದು ಹೊರಬಿತ್ತು.

"ಹೂಂ. ಸ್ವಲ್ಪ."

ಪಂಪಿನವನ ಹೆಂಡತಿ ನೀವುತ್ತಿದ್ದ ಕೈ ನಿಲ್ಲಿಸಿದಳು. ಭಾವ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

"ದಿನಾನಾ?"

"ದಿನಾ."

"ಎಷ್ಟು?"

"ಎರಡು." ಕುಡಿತದ ಅಳತೆ ಅರಿಯದವನಿಗೆ ಗೊತ್ತಿದ್ದ ಲೆಕ್ಕ ಅದೊಂದೇ.

"ಎಲ್ಲಿ ಕೂತು?"

"ನಿಂತ್ಕೊಂಡೇ. ಗೋಡೆ ಕಡೆ ಮುಖ ಮಾಡಿ."

ಭಾವ ತಂಗಿಯ ಕಡೆ ನೋಡಿದ. "ಚಟ ತುಂಬಾ ಆಳಕ್ಕೆ ಹೋಗಿದೆಯಮ್ಮ. ನಿಂತು ಕುಡಿಯೋರು ಕೊನೇ ಹಂತದೋರು." ಮತ್ತೆ ಶುದ್ಧಪ್ಪನಿಗೆ, "ಜೊತೆಗೆ ನಂಜಿಕೊಳ್ಳೋಕೆ ಏನು?"

"ಕ್ರೀಮು," ಎಂದುಬಿಟ್ಟ ಶುದ್ಧಪ್ಪ.

ಯಾರೂ ನಗಲಿಲ್ಲ. ಇಂಥ ವಿಕಾರದ ಕುಡಿತವನ್ನು ತನ್ನ ಸರ್ವಿಸಿನಲ್ಲೇ ಕಂಡಿಲ್ಲವೆಂದು ಭಾವ ಒಪ್ಪಿಕೊಂಡ. ಆಮೇಲೆ ಎದ್ದು ಅಂಗಿಯ ತೋಳು ಮಡಚಿ ತಪಾಸಣೆಗೆ ತೊಡಗಿದ. ಅಟ್ಟ, ಬೀರು, ಅಕ್ಕಿ ಡಬ್ಬ ಎಲ್ಲ ಜಾಲಾಡಿ, ಕೊನೆಗೆ ಶುದ್ಧಪ್ಪನ ಕೆಲಸದ ಚೀಲದಿಂದ ಸಣ್ಣ ಸೀಸೆಯೊಂದನ್ನು ಎತ್ತಿ ಹಿಡಿದ. ಅದು ನೀರಿಗೆ ಹಾಕುವ ಕ್ಲೋರಿನ್ ದ್ರಾವಣದ ಮಾದರಿ.

"ಭಾವ, ಅದು ಮೂಸಬೇಡಿ," ಎನ್ನುವಷ್ಟರಲ್ಲಿ ಭಾವ ಮುಚ್ಚಳ ತೆಗೆದು ಮೂಗಿಗೆ ಹಿಡಿದಿದ್ದ. ಕಣ್ಣಲ್ಲಿ ಮೂಗಲ್ಲಿ ನೀರು ಕಿತ್ತುಕೊಂಡು ಬಂತು. ಐದು ನಿಮಿಷ ಕೆಮ್ಮಿ, ಗೋಡೆ ಹಿಡಿದು ನಿಂತು, ಭಾವ ಮೆಲ್ಲಗೆ ಹೇಳಿದ:

"ಇದನ್ನ ಕುಡಿದು ಬದುಕಿದ್ದಾನಲ್ಲಮ್ಮ ನಿನ್ನ ಗಂಡ."

ಅಷ್ಟರಲ್ಲಿ ಪಂಪಿನವನೂ ಬಂದ. ಅವನಿಗೆ ಈಗ ಶುದ್ಧಪ್ಪನ ಮೇಲೆ ಸಿಟ್ಟೇ ಇರಲಿಲ್ಲ. ಹೆಗಲ ಮೇಲೆ ಕೈ ಹಾಕಿ, "ಹೋಗ್ಲಿ ಬಿಡಣ್ಣ. ಅರ್ಜಿ ಬರೆದಿದ್ದು ನಾನು ಮರ್ತೆ. ಒಂದು ಮಾತು ಹೇಳಿದ್ರೆ ಜೊತೆಗೆ ಕರ್ಕೊಂಡು ಹೋಗ್ತಿದ್ದೆ," ಎಂದ. ಆ ಕ್ಷಮೆಯ ಕೈ ಶುದ್ಧಪ್ಪನಿಗೆ ಹೊರಲಾರದ ಮೂಟೆಯಷ್ಟು ಭಾರವಾಯಿತು. ತಾನು ಇಷ್ಟು ವರ್ಷ ಊಟದ ಹೊತ್ತಿನಲ್ಲಿ ಅವನಿಗೆ ಹೇಳಿದ ಬುದ್ಧಿಮಾತೆಲ್ಲ ಒಂದೊಂದೇ ನೆನಪಾಗಿ ಕಿವಿ ಬಿಸಿಯಾಯಿತು.

ಭಾವ ಮುಖ ತೊಳೆದುಕೊಂಡು ಬಂದು ಚಿಕಿತ್ಸೆ ಸಾರಿದ. "ಜೈಲಲ್ಲಿ ನೂರಾರು ಕುಡುಕರನ್ನ ನೋಡಿದೀನಿ. ಕುಡಿತ ನಿಲ್ಲಿಸಿದ ತಕ್ಷಣ ಅವರಿಗೆಲ್ಲ ಸಿಹಿ ಬೇಕು ಅನ್ಸುತ್ತೆ. ಆ ಹೊತ್ತಲ್ಲಿ ಬಾಯಿಗೆ ಸಿಹಿ ಹಾಕ್ತಾ ಇದ್ರೆ ಮನಸ್ಸು ಬಾಟ್ಲಿ ಕಡೆ ಹೋಗಲ್ಲ."

ಶುದ್ಧಪ್ಪ ಎರಡೂ ಕೈ ಅಡ್ಡ ಹಿಡಿದ. "ಭಾವ, ಸಿಹಿ ಬೇಡ. ನಾನು ಬಿಟ್ಟು ಆರು ತಿಂಗಳಾಯ್ತು."

"ನೋಡಿ ಅಣ್ಣ," ಎಂದಳು ಹೆಂಡತಿ, ಮೊದಲ ಸಲ ಅವಳ ಕಣ್ಣಲ್ಲಿ ನೀರು ಬಂತು. "ಇಷ್ಟಾದ್ರೂ ನನಗೋಸ್ಕರ ಹಿಡಿದ ಹಟ ಬಿಡ್ತಿಲ್ಲ."

ಸಂಜೆ ನಾಲ್ಕಕ್ಕೆ ಅಕ್ಕಪಕ್ಕದ ಮೂರು ಮನೆಯಿಂದ ತಟ್ಟೆಗಳು ಬಂದವು. ಐದಕ್ಕೆ, ಪಂಪಿನವನು ಹೇಳಿಕಳಿಸಿದಂತೆ, ಬೇಕರಿಯವನೇ ಒಂದು ದೊಡ್ಡ ಪೆಟ್ಟಿಗೆ ಹೊತ್ತು ಬಂದ. ಬಿಸಿ ಬಿಸಿ ಕ್ರೀಮ್ ಬನ್ನು. ಹೆಂಡತಿ ಒಂದನ್ನು ಮುರಿದು ಅವನ ಬಾಯಿಗೆ ಹಿಡಿದಳು. ನುಂಗಿದರೆ ಲಿವರ್ ಬಯ್ಯುತ್ತದೆ, ಉಗುಳಿದರೆ ಊರು ಬಯ್ಯುತ್ತದೆ. ಶುದ್ಧಪ್ಪ ನುಂಗಿದ. ಎರಡನೆಯದನ್ನೂ ನುಂಗಿದ. ಮೂರನೆಯದನ್ನು ಮುರಿದಾಗ ಅವಳು ಬೆರಳಿಗೆ ಮೆತ್ತಿದ ಕ್ರೀಮನ್ನು ನೆಕ್ಕದೆ ಸೆರಗಿಗೆ ಒರೆಸಿಕೊಂಡದ್ದು ಕಂಡಿತು. ಅವನಿಗೆ ತಡೆಯಲಾಗಲಿಲ್ಲ.

"ಸಾಕು ಕಣೇ. ನಾನು ಕುಡಿದೇ ಇಲ್ಲ. ಯಾವತ್ತೂ ಕುಡಿದಿಲ್ಲ. ನಾನು ತಿಂದಿದ್ದು ಇದನ್ನ. ನಿನಗೆ ಬೇಡ ಅಂತ ಹೇಳಿ, ನಿನ್ನ ಕಣ್ಣು ತಪ್ಪಿಸಿ, ದಿನಾ ಎರಡು ಬನ್ನು ತಿಂದಿದೀನಿ. ಲಿವರ್ ಕೆಟ್ಟಿದ್ದು ಇದರಿಂದ."

ಭಾವ ತಲೆಯಾಡಿಸಿದ.

"ಬಂತು ನೋಡು. ಮೊದಲು ಒಪ್ಕೊಳ್ಳೋದು, ಸಂಜೆ ಆದ್ಮೇಲೆ ಇಲ್ಲ ಅನ್ನೋದು. ಎಲ್ಲಾ ಕುಡುಕರೂ ಹೀಗೇ."

"ಡಾಕ್ಟರಮ್ಮನ್ನ ಕೇಳಿ ಭಾವ."

"ಮಧ್ಯಾಹ್ನವೇ ಹೋಗಿ ಕೇಳಿ ಬಂದೆ. ಅವರು ದೊಡ್ಡ ಮನುಷ್ಯರು, ವಿವರ ಹೇಳಲ್ಲ ಅಂದ್ರು. 'ಅವರೇ ನನ್ನ ಹತ್ರ ತಪ್ಪು ಒಪ್ಕೊಂಡಿದಾರೆ, ಆ ಚಟ ಬಿಟ್ರೆ ಲಿವರ್ ಸರಿಹೋಗುತ್ತೆ' ಅಂತ ಮಾತ್ರ ಅಂದ್ರು. ಇನ್ನೇನು ಬೇಕು?"

ಶುದ್ಧಪ್ಪ ಮುಳುಗುವವನಂತೆ ಬೇಕರಿಯವನ ಕಡೆ ತಿರುಗಿದ. "ನೀನಾದ್ರೂ ಹೇಳಪ್ಪ. ನಾನು ನಿನ್ನಂಗಡಿಗೆ ದಿನಾ ಬರ್ತಿದ್ದೆನೋ ಇಲ್ವೋ?"

ಬೇಕರಿಯವನು ಒಳ್ಳೆಯವನು. ಸಕ್ಕರೆ ಬಿಟ್ಟವರು ಆ ಬೀದಿಯಲ್ಲಿ ಹನ್ನೊಂದು ಮಂದಿ ಇದ್ದರು, ಹನ್ನೊಂದು ಮಂದಿಯೂ ಅವನ ಹಿಟ್ಟಿನ ಮೂಟೆಗಳ ಹಿಂದೆ ಸರದಿಯ ಮೇಲೆ ನಿಲ್ಲುತ್ತಿದ್ದರು. ಒಬ್ಬನ ಗುಟ್ಟು ಬಿಟ್ಟರೆ ಹತ್ತು ಮನೆ ಒಡೆಯುತ್ತದೆಂದು ಅವನಿಗೆ ಗೊತ್ತಿತ್ತು. ಅವನು ಶುದ್ಧಪ್ಪನನ್ನು ಅಪಾರ ಕನಿಕರದಿಂದ ನೋಡಿ, ಹೆಂಡತಿಯ ಕಡೆ ಕೈ ಮುಗಿದು ಹೇಳಿದ:

"ಇಲ್ಲಮ್ಮ. ಯಜಮಾನರು ನಮ್ಮಂಗಡಿ ಮೆಟ್ಟಿಲು ಹತ್ತಿದ್ದನ್ನ ನಾನು ನೋಡೇ ಇಲ್ಲ."

ಎಲ್ಲರೂ ಹೊರಡುವಾಗ ಭಾವ ಬಾಗಿಲಲ್ಲಿ ತೀರ್ಪು ಕೊಟ್ಟ. ಒಂದು ವರ್ಷ ಕುಡಿಯದಿದ್ದರೆ ಬಿಟ್ಟ ಹಾಗೆ. 'ನಾನು ಕುಡಿದೇ ಇಲ್ಲ' ಎಂದು ಮತ್ತೆ ಹೇಳಿದ ದಿನ ಆ ವರ್ಷ ಮೊದಲಿನಿಂದ ಶುರು.

ಮನೆಯಲ್ಲಿ ಇಬ್ಬರೇ ಉಳಿದರು. ಹೆಂಡತಿ ಟೀ ಮಾಡಿ ತಂದಳು. ಅವನ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕದಡಿದಳು. ತನ್ನದಕ್ಕೆ ಹಾಕಿಕೊಳ್ಳಲಿಲ್ಲ.

"ಇವತ್ತು ಬೆಳಿಗ್ಗೆ ನನ್ನ ರಕ್ತಪರೀಕ್ಷೆ ವರದಿನೂ ಬಂತು," ಎಂದಳು. "ಹತೋಟಿಗೆ ಬಂದಿದೆಯಂತೆ. ವಾರಕ್ಕೊಂದು ಸಲ ಚೂರು ಸಿಹಿ ತಿನ್ನಬಹುದು ಅಂದ್ರು. ನೀವು ಬಂದ್ಮೇಲೆ ಇಬ್ಬರೂ ಹಂಚ್ಕೊಂಡು ತಿನ್ನೋಣ ಅಂತ ಕಾಯ್ತಾ ಇದ್ದೆ."

ಶುದ್ಧಪ್ಪ ಬನ್ನಿನ ತಟ್ಟೆಯನ್ನು ಅವಳ ಕಡೆ ಸರಿಸಿದ.

ಅವಳು ಅದನ್ನು ಹಾಗೇ ಹಿಂದಕ್ಕೆ ಸರಿಸಿದಳು.

"ಈಗ ಬೇಡ ಬಿಡಿ. ನನಗೋಸ್ಕರ ನೀವು ಆರು ತಿಂಗಳು ಸಿಹಿ ಬಿಟ್ರಿ. ನಾನು ಅಷ್ಟೂ ಮಾಡಬಾರದಾ? ನೀವು ಕುಡಿಯೋದು ಬಿಡೋವರೆಗೂ ನಾನು ಸಕ್ಕರೆ ಮುಟ್ಟಲ್ಲ."