ಹೆಂಡತಿಗೆ ಹಡಗು ತೋರಿಸಿದ್ದು

ಕಡಲಲ್ಲಿ ಓಡಾಡುವವರನ್ನು ಎಡವಟ್ಟುಗಳು ಹುಡುಕಿಕೊಂಡು ಬರುತ್ತವೆ; ನನ್ನ ಹತ್ತಿರಕ್ಕಂತೂ ಅವು ಸೀಟು ಕಾದಿರಿಸಿಕೊಂಡೇ ಬರುತ್ತಿದ್ದವು. ತೊಂಬತ್ತರ ದಶಕದಲ್ಲಿ ಕೊಚ್ಚಿಯಿಂದ ಹೊರಡುತ್ತಿದ್ದ ಒಂದು ವಿಶ್ವವಿದ್ಯಾಲಯದ ಸಂಶೋಧನಾ ಹಡಗನ್ನು ನಡೆಸುತ್ತಿದ್ದವನು ತೆರಕಣಾಂಬಿಯ ನಾನೇ. ಕ್ಯಾಪ್ಟನ್ ಅಂತ ಒಬ್ಬರಿದ್ದರು, ಅದು ಬೇರೆ ವಿಚಾರ. ನನ್ನ ಕೈಲಿದ್ದದ್ದು ವಿಂಚ್: ಉಕ್ಕಿನ ಹಗ್ಗ ಇಳಿಬಿಟ್ಟು ಕಡಲ ತಳದ ಮಣ್ಣು ಎತ್ತುವ ಯಂತ್ರ. ಆಸೆ ಒಂದೇ ಇತ್ತು. ಊರಲ್ಲಿದ್ದ ಹೆಂಡತಿ ಒಂದು ಸಲ ಬಂದು ನನ್ನ ಹಡಗು ನೋಡಬೇಕು.

೧. ಹಳದಿ ಮಣ್ಣು

ಮೂರು ಗಂಟೆ ಎಳೆದ ಮೇಲೆ ಮಣ್ಣು ಮೇಲೆ ಬಂತು. ಆಗಷ್ಟೇ ಊಟ ಮುಗಿಸಿದ್ದೆ. ಮಣ್ಣು ಕಂಡರೆ ತಿಕ್ಕಿ ನೋಡುವುದು ನಮ್ಮ ಕಡೆಯ ಅಭ್ಯಾಸ, ತಿಕ್ಕಿ ನೋಡಿದೆ.

ಹಡಗಿನ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷಿಸುತ್ತಿದ್ದ ಪ್ರೊಫೆಸರಮ್ಮ ಎರಡು ದಿನ ಊಟ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಅಂಟಿಕೊಂಡರು. ಮಣ್ಣಿನಲ್ಲಿ ಏನೋ ಹಳದಿ ಪುಡಿ! ಮೂರನೇ ದಿನ ನನ್ನ ಬೆರಳು ನೋಡಿದರು. ಹೆಂಡತಿ ಕಳಿಸಿದ ಉಪ್ಪಿನಕಾಯಿಯ ಅರಿಶಿನ ಉಗುರು ಬಿಟ್ಟಿರಲಿಲ್ಲ.

"ಮಣ್ಣು ಮುಟ್ಟಿದ್ರಾ?"

"ಮುಟ್ಟದೆ ಹೆಂಗ್ ಗೊತ್ತಾಗ್ತದ ಮೇಡಂ?"

ಅಂದಿನಿಂದ ನನಗೆ ಕೈಗವಸು ಕೊಟ್ಟರು. ಊರಲ್ಲಿ ಮಾತ್ರ ಇವತ್ತಿಗೂ ಹೇಳುತ್ತೇನೆ: ನಮ್ಮ ಹೊಲದ ಅರಿಶಿನ ಅರಬ್ಬೀ ಸಮುದ್ರದ ತಳದಲ್ಲಿ ಸಿಕ್ಕಿದೆ, ಪ್ರೊಫೆಸರಮ್ಮ ಕಣ್ಣಾರೆ ನೋಡಿದ್ದಾರೆ.

೨. ಹಸುವಿನ ಸಮಾಚಾರ

ಆಗೊಮ್ಮೆ ಈಗೊಮ್ಮೆ ಹಡಗಿನ ರೇಡಿಯೊದಿಂದ ಊರಿನ ಫೋನ್ ಬೂತಿಗೆ ಬಂದ ಹೆಂಡತಿಯ ಜೊತೆ ಮಾತು ಸಿಗುತ್ತಿತ್ತು. ಅದೂ ಸ್ಪೀಕರಿನಲ್ಲಿ, ಎಲ್ಲರ ಎದುರಿಗೆ.

"ಯಾವಾಗ ಬತ್ತೀಯಮ್ಮಿ?"

"ಹಸ ಕರ ಹಾಕ್ಲಿ ತಡೀರಿ."

ಕ್ಯಾಪ್ಟನ್ ಕಣ್ಣೂರಿನವರು, ಕನ್ನಡ ಬಾರದು. ಆದರೂ ಅರ್ಥ ಕೇಳಿಕೊಂಡು ದಿನಾ ಹಸುವನ್ನು ವಿಚಾರಿಸತೊಡಗಿದರು. ಕರು ಹಾಕಿದ ಸುದ್ದಿ ಬಂದಾಗ ನಡುಗಡಲಲ್ಲಿ ಪಾಯಸ ಮಾಡಿಸಿದರು. ಮುಂದಿನ ಸಲ, "ಕರ ಇನ್ನೂ ಮೇವು ಮುಟ್ತಿಲ್ಲ ಕಣ್ರೀ." ಆಮೇಲೆ, "ಹಸ ತಿರ್ಗ ಗಬ್ಬ ಆಗದ."

ನಾನು ತಲೆ ತಗ್ಗಿಸಿದೆ. ಅಡುಗೆಯವನು ಸಮಾಧಾನ ಮಾಡಿದ: "ಬಿಡಿ ಅಣ್ಣ, ಇನ್ನೊಂದು ಪಾಯಸ ಆಯ್ತು."

೩. ಕೊನೆಗೂ ಬಂದಳು

ತಮ್ಮನಿಗೆ ಹಸು ಒಪ್ಪಿಸಿ, ಗುಂಡ್ಲುಪೇಟೆಯಲ್ಲಿ ಬಸ್ ಹತ್ತಿ, ಕೇರಳದ ಬತ್ತೇರಿ ದಾಟಿ, ಮೈಕೈ ನೋಯಿಸಿಕೊಂಡು ಕೊಚ್ಚಿಗೆ ಬಂದಳು. ಅದೇ ವಾರ ಹಡಗು ದುರಸ್ತಿಗೆ ಹೋಗಿತ್ತು. ದೊಡ್ಡ ಗುಂಡಿ, ನೀರೆಲ್ಲ ಹೊರಗೆ, ಮರದ ದಿಮ್ಮಿಗಳ ಮೇಲೆ ನನ್ನ ಹಡಗು. ನಾಲ್ಕು ಜನ ಅದರ ಹೊಟ್ಟೆ ಕೆರೆಯುತ್ತಿದ್ದರು.

"ಸಮುದ್ರ ಎಲ್ಲಿ?"

"ಆಚೆ ಅದ. ಇಲ್ಲಿ ನೀರ ಖಾಲಿ ಮಾಡವ್ರೆ."

ಅವಳು ಸುತ್ತ ಒಂದು ಬಾರಿ ನಡೆದಳು. ತಗಡಿನ ಮೇಲೆ ಕೈಯಿಟ್ಟು ತಟ್ಟಿ ನೋಡಿದಳು. ಇನ್ನೇನು ಹೊಗಳುತ್ತಾಳೆ ಅಂತ ಎದೆ ಉಬ್ಬಿಸಿಕೊಂಡೆ.

"ನೆಲದ ಮೇಲೂ ನಿಂತ್ಕತದಲ್ಲ ಇದು."

"ನಿಂತ್ಕತದ."

"ಮತ್ತೆ ಇಷ್ಟ್ ವರ್ಸ ನಮ್ಮ ಹಿತ್ಲಲ್ಲೇ ನಿಲ್ಲಿಸ್ಕಬೋದಿತ್ತಲ್ಲ?"

ಏನಂದರು ಅಂತ ಪಕ್ಕದಲ್ಲೇ ಇದ್ದ ಕ್ಯಾಪ್ಟನ್ ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಹಡಗನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ನಿಮ್ಮ ಹಿತ್ತಲು ಎಷ್ಟಗಲ?" ಅಂದರು.